ಸಂತೆ ಮುಗಿದ ಮೇಲಿನ ಬೋಣಿ

ಇಂದು ಬೆಳಿಗ್ಗೆ ಪಕ್ಕದ ಮನೆಯಲ್ಲಿ ನೆನೆದ ಮೆಂತ್ಯ ರುಬ್ಬಿದ ವಾಸನೆ ಬಂತು. ಅವರು ಅಡುಗೆಗೆ ರುಬ್ಬಿರಬೇಕು. ನನಗೆ ಹೊಸ ಮೊರ ನೆನಪಾಯಿತು, ಆಮೇಲೆ ಅದನ್ನು ಹೆಣೆದವಳು...

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ಕುಷ್ಟಗಿಯಲ್ಲಿ ಮಾಸ್ತರನಾಗಿದ್ದೆ. ಬಾಡಿಗೆ ಕೋಣೆ, ಒಬ್ಬನೇ. ಐದಕ್ಕೆ ಏಳುವುದು, ಎಂಟಕ್ಕೆ ರೊಟ್ಟಿ, ಹತ್ತಕ್ಕೆ ಶಾಲೆ. ಶಾಲೆಯ ಹೊರಗೆ ನನ್ನೊಡನೆ ಮಾತಾಡುವವರಿರಲಿಲ್ಲ. ತಿಂಗಳಿಗೊಮ್ಮೆ, ಬಿದಿರು ಹೆಣೆಯುವ ಮೇದಾರ ಓಣಿಯ ಅವ್ವನೊಬ್ಬಳು ಮಾತ್ರ ಬರುತ್ತಿದ್ದಳು, ಮಕ್ಕಳು ಬರೆದು ಮುಗಿಸಿದ ಹಾಳೆ ಕೇಳಲು. ಹಾಳೆಯನ್ನು ಮೆಂತ್ಯದೊಡನೆ ರುಬ್ಬಿ ಬಿದಿರಿನ ಮೊರಕ್ಕೆ ಬಳಿದರೆ ಸಂದು ಮುಚ್ಚಿ, ಕಾಳು ಸೋರುವುದಿಲ್ಲ. ಹಾಳೆ ಕಟ್ಟಿಕೊಂಡ ಮೇಲೂ ಕಟ್ಟೆಯ ಮೇಲೆ ಕುಳಿತು ಸ್ವಲ್ಪ ಹೊತ್ತು ಮಾತಾಡುತ್ತಿದ್ದಳು. ಆ ಸ್ವಲ್ಪ ಹೊತ್ತಿಗೆ ನಾನು ತಿಂಗಳಿಡೀ ಕಾಯುತ್ತಿದ್ದೆ.

ಅವಳ ಮಂದಿ ಬುಟ್ಟಿ, ಮೊರ ಹೊತ್ತು ಊರವರ ಮನೆಗಳ ಹಿತ್ತಲ ಬಾಗಿಲಿಗೆ ಹೋಗಬೇಕಿತ್ತು. ಮನೆಯವರು ಸುರಿದಷ್ಟು ಜೋಳವೇ ಬೆಲೆ.

"ಯವ್ವಾ, ಸಂತ್ಯಾಗ ನಿಂದ ಒಂದು ಅಂಗಡಿ ಇಡು. ಕಿಮ್ಮತ್ತು ನೀನ ಹೇಳು" ಎಂದು ಹುರಿದುಂಬಿಸಿದವನು ನಾನು.

"ನಮ್ಮಾಗ ಯಾರೂ ಇಟ್ಟಿಲ್ರಿ" ಎಂದು ನಕ್ಕಳು. ಎರಡು ತಿಂಗಳು ಯೋಚಿಸಿ ಇಡಲು ಹೊರಟೇಬಿಟ್ಟಳು. ಸುದ್ದಿ ಕೇಳಿದ ಗೌಡರ ಮನೆಯವರು, "ಸಾವಕಾರ್ತಿ ಆದಿ. ಇನ್ನ ನಮ್ಮ ಹಿತ್ತಲಿಗೆ ಬರಬ್ಯಾಡ" ಎಂದರಂತೆ. ಉಳಿದವರೂ ಅದನ್ನೇ ಹೇಳಿದರು. ಇನ್ನು ಸಂತೆಯೊಂದೇ ಅವಳ ಅನ್ನ.

"ಬೋಣಿ ನಿಮ್ಮ ಕೈಲೆ ಆಗಬೇಕ್ರಿ ಮಾಸ್ತರ. ಬರ್ತೀರಿಲ್ಲ?"

ಬರುತ್ತೇನೆ ಎಂದೆ.

ನಿಜಾಮರ ಕಾಲ. ಶುಕ್ರವಾರ ರಜೆ, ಸಂತೆಯ ರವಿವಾರ ಶಾಲೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ರೂಢಿಯ ದಾರಿ ಬದಲಿಸಿ ಸಂತೆಗೆ ಹೋಗಿದ್ದರೆ ಕಾಲು ಗಂಟೆಯ ಕೆಲಸವಿತ್ತು. ಬದಲಿಸಲಿಲ್ಲ. ಶಾಲೆ ಬಿಟ್ಟ ಮೇಲೆ ಕೋಣೆಗೆ ಹೋಗಿ, ಕೈಕಾಲು ತೊಳೆದು, ಐದೂವರೆಗೆ ಸಂತೆಗೆ ಬಂದೆ. ಗಾಡಿಗಳು ಹೊರಟಿದ್ದವು. ಅವಳ ಮೊರಗಳು ಒಂದರ ಮೇಲೊಂದು, ಜೋಡಿಸಿಟ್ಟ ಹಾಗೆಯೇ ಇದ್ದವು.

"ಯಾರೂ ಬರಲಿಲ್ಲೇನು?"

"ಭಾಳ ಮಂದಿ ಬಂದಿದ್ರರಿ. ಮೊದಲ ಮಾಸ್ತರ ಬರ್ಲಿ ಅಂತ ಎಲ್ಲಾರ್ನೂ ಕಳಿಸಿಬಿಟ್ಟೆ."

ನಾನು ಒಂದು ಮೊರ ಕೊಂಡೆ. ದುಡ್ಡನ್ನು ಕಣ್ಣಿಗೊತ್ತಿಕೊಂಡು, "ಬೋಣಿ ಆತ್ರಿ. ಸಂತೀನೂ ಆತು" ಎಂದಳು.

ದಿನವೂ ಹಾಜರಿ ಕರೆಯುವ ನನಗೆ ತಲೆಯೆತ್ತಲಾಗಲಿಲ್ಲ.

ಮರುವಾರ ರೊಟ್ಟಿ ಬಿಟ್ಟು ನಸುಕಿನಲ್ಲೇ ಓಡಿದೆ. ಆಗಲೇ ನಾಲ್ಕಾರು ಮೊರ ಮಾರಿ ಹೋಗಿದ್ದವು. ಬೋಣಿ ಯಾರದೆಂದು ಕೇಳಿದೆ.

"ನಂದನ ರೀ. ಬಲಗೈ ಕೊಡ್ತು, ಎಡಗೈ ಇಸಗೊಂತು. ಇನ್ನ ಯಾರನೂ ಕಾಯೂದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿ ಬಂದ, ಅತ್ತ ತಿರುಗಿದಳು.

ಆಮೇಲೆ ಹಾಳೆಗೆ ಅವಳು ಬರಲಿಲ್ಲ. ಸಂತೆಯಲ್ಲೇ ರದ್ದಿ ಕೊಳ್ಳುತ್ತಿದ್ದಳಂತೆ. ಕಟ್ಟಿಟ್ಟ ಹಾಳೆ ನನ್ನ ಕೋಣೆಯ ಮೂಲೆಯಲ್ಲಿ ಬೆಳೆಯಿತು... ಯಲಬುರ್ಗಾಕ್ಕೆ ವರ್ಗವಾದಾಗ ಅದನ್ನು ಅಲ್ಲೇ ಬಿಟ್ಟೆ, ಮೊರವನ್ನು ಒಯ್ದೆ.

ಎಷ್ಟೋ ವರ್ಷಗಳ ಮೇಲೆ ಕುಷ್ಟಗಿಗೆ ಹೋದಾಗ ಅವಳು ತೀರಿಕೊಂಡಿದ್ದಳು. ಸಂತೆಯ ಅದೇ ಜಾಗದಲ್ಲಿ ಅವಳ ಮಗಳು ಕುಳಿತಿದ್ದಳು. ನಾನು ಯಾರೆಂದು ಹೇಳಲಿಲ್ಲ. ಬುಟ್ಟಿಯೊಂದನ್ನು ಎತ್ತಿಕೊಂಡು, ಬೋಣಿಯಾಗಿದೆಯೇ ಎಂದಷ್ಟೇ ಕೇಳಿದೆ.

"ಯಾವಾಗೋ ಆಗೇತ್ರಿ ಅಜ್ಜಾರ."

ಮೆಂತ್ಯದ ವಾಸನೆ ಈಗಿಲ್ಲ. ಗೋಡೆಯ ಮೇಲಿನ ಮೊರಕ್ಕೆ ಬಳಿದದ್ದು ಉದುರಿದೆ, ಸಂದುಗಳು ಕಾಣುತ್ತಿವೆ. ಗಡಿಯಾರದಲ್ಲಿ ಹತ್ತು. ಹೋಗಬೇಕಾದ ಶಾಲೆಯಿಲ್ಲ. ಹಾಳೆ ಕೇಳಿ ಬಂದು ಕಟ್ಟೆಯ ಮೇಲೆ ಕೂರುವವರೂ ಇಲ್ಲ...