ಎಡಗೈ ಮೇಲೆ ಬಂದ ಅನುಮಾನ

ಪಾರ್ಶ್ವವಾಯು ಬಂದು ನನ್ನ ಗಂಡನ ಎಡಗೈ ಸೋತಿತ್ತು. ರೊಟ್ಟಿ ಹಿಟ್ಟಿನ ಮುದ್ದೆ ಹಿಚುಕಿ ಹಿಚುಕಿ ಆ ಕೈಗೆ ಮತ್ತೆ ಜೀವ ತಂದುಕೊಂಡರು. ಕಾರು ಓಡಿಸಬಹುದು ಎಂದು ಡಾಕ್ಟರು ಹೇಳಿದ ದಿನ ಯರಗುಪ್ಪಿಯ ನಮ್ಮ ಓಣಿಯಲ್ಲಿ ಕೆಲಸವಿಲ್ಲದಿದ್ದರೂ ಸುತ್ತಿ ಬಂದರು. ಆದರೆ ಬರಬರುತ್ತ ಗೇರ್ ಬೀಳುವುದೇ ಕಷ್ಟವಾಯಿತು.

"ನನ್ನ ಕೈ ಮತ್ತ ಸೋಲಾಕ ಹೊಂಟೈತಿ. ಗಾಡಿ ಮಾರಿಬಿಡೂಣು," ಎಂದರು. ನನಗೆ ಗಾಡಿಯ ಮೇಲೇ ಅನುಮಾನ.

"ಗೇರಿನ ಎಣ್ಣಿ ನೋಡೀರೇನ್ರಿ?"

"ನೋಡೇನಿ. ತುಂಬೇತಿ."

ಗೇರ್ ಬಾಕ್ಸಿಗೆ ಅಳತೆ ಕಡ್ಡಿ ಇರುವುದಿಲ್ಲ. ಬದಿಯ ಬೋಲ್ಟು ಬಿಚ್ಚಬೇಕು. ತೂತಿನ ಅಂಚಿನವರೆಗೆ ಎಣ್ಣೆ ಇದ್ದರೆ ಸರಿ. ಇವರು ಬಿಚ್ಚುತ್ತಿದ್ದದ್ದು ನಮ್ಮ ಬಾಗಿಲ ಮುಂದಿನ ಕಲ್ಲಿನ ಇಳಿಜಾರಿನಲ್ಲಿ. ಎರಿ ನೆಲದ ಕಪ್ಪು ಕೆಸರಿಗೆ ಹೆದರಿ ನಮ್ಮ ಕಡೆ ಮನೆ ಎತ್ತರಕ್ಕೆ ಕಟ್ಟುತ್ತಾರೆ, ಹೀಗಾಗಿ ಕಾರು ಸದಾ ಅಲ್ಲೇ ಮೂತಿ ಮೇಲೆ ಮಾಡಿ ನಿಂತಿರುತ್ತದೆ.

ಮಾರಾಟದ ಸುದ್ದಿ ಕೇಳಿ ಕಾರು ನೋಡಲು ಗುಡಗೇರಿಯಿಂದ ಒಬ್ಬ ಕಾಳಿನ ವ್ಯಾಪಾರಿ ಬಸ್ಸಿಗೆ ಬಂದ. ಕಟ್ಟುಮಸ್ತಾದ ಆಳು. ಒಳಗೆ ಕೂತು ಹಲ್ಲು ಕಚ್ಚಿ ಗೇರ್ ಜಗ್ಗಿದ.

"ಏನ್ ಕಾಕಾ ಇದು, ಅಗದಿ ಬಿರುಸ ಐತ್ರಿ!"

"ನಿಮಗೂ ಬೀಳವಲ್ದೇನ್ರಿ?" ಎಂದು ಇವರು ಮುಖ ಅರಳಿಸಿ ಕೇಳಿದರು. ತನ್ನ ಗಾಡಿಯ ದೋಷ ಕೇಳಿ ಹಿಗ್ಗುವ ಮನುಷ್ಯನನ್ನು ಪಾಪ, ಅವನು ಅಂದೇ ಮೊದಲು ನೋಡಿರಬೇಕು.

ಕೂಡಲೇ ಬೋಲ್ಟು ಬಿಚ್ಚಿದರು. ಎಣ್ಣೆ ತೊಟತೊಟ ಸೋರಿತು. "ತುಂಬೇ ಐತಲ್ಲ," ಎಂದು ಮತ್ತೆ ಮುಖ ಸಣ್ಣದು ಮಾಡಿದರು. ನನಗೆ ರೇಗಿತು.

"ನೀರಿನ ತಂಬಗಿ ವಾರಿ ಬಗ್ಗಿಸಿ ಹಿಡದ್ರ ಅರ್ಧ ಇದ್ರೂ ಚೆಲ್ಲತೈತ್ರಿ! ಸಪಾಟ ಜಾಗಾದಾಗ ನಿಂದರ್ಸಿ ನೋಡ್ರಿ."

ಊರಲ್ಲಿ ಸಪಾಟ ಜಾಗವೆಂದರೆ ಕಣ. ಕಡಲೆ ರಾಶಿ ಮುಗಿದು ಖಾಲಿ ಬಿದ್ದಿತ್ತು. ಬೋಲ್ಟು ಮತ್ತೆ ಹಾಕಿ, ಗುರುಗುಟ್ಟುತ್ತಿದ್ದ ಕಾರನ್ನು ಹೇಗೋ ಅಲ್ಲಿಗೆ ಒಯ್ದೆವು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಗಾಲಿಯ ಹಿಂದಿನಿಂದ ಕೈ ತೂರಿಸಿ ಬಿಚ್ಚಿದರು. ಒಂದು ಹನಿಯೂ ಬರಲಿಲ್ಲ. ತೂತಿನೊಳಗೆ ಬೆರಳು ಹಾಕಿ ಬಗ್ಗಿಸಿದರೂ ಎಣ್ಣೆ ತಾಗಲಿಲ್ಲ. ಅಂಗಡಿಯಿಂದ ಗೇರ್ ಎಣ್ಣೆ ತರಿಸಿದೆವು. ನಾನು ಲಾಳಿಕೆ ಹಿಡಿದೆ, ಅದಕ್ಕೆ ಸಿಕ್ಕಿಸಿದ ನಳಿಗೆಯ ತುದಿಯನ್ನು ಅವರು ತೂತಿಗೆ ಹಿಡಿದರು. ಎಣ್ಣೆ ತೂತಿನಿಂದ ಹೊರಗೆ ತೊಟ್ಟಿಕ್ಕಿದ ಮೇಲೆ ಬೋಲ್ಟು ಬಿಗಿದರು.

"ನಾ ಹೊಡದ ನೋಡ್ಲೇನ್ರಿ?" ಎಂದ ವ್ಯಾಪಾರಿ.

"ಬ್ಯಾಡ್ರಿ. ನಾನ ನೋಡ್ತೇನಿ."

ಕಣದಲ್ಲೇ ನಿಧಾನಕ್ಕೆ ಸುತ್ತು ಹಾಕಿದರು. ಮೊದಮೊದಲು ತುಸು ತಕರಾರು ಮಾಡಿದ ಗೇರ್ ಆಮೇಲೆ ಹೇಳಿದ ಹಾಗೆ ಬೀಳತೊಡಗಿತು. ಕಾರು ನಿಲ್ಲಿಸಿ ತಮ್ಮ ಎಡಗೈಯನ್ನು ಬಿಡಿಸಿ, ಮುಚ್ಚಿ ನೋಡಿಕೊಂಡರು. ಕಣ್ಣು ತುಂಬಿದ್ದವು. ನನ್ನವೂ ಅಷ್ಟೇ.

"ಗೇರ್ ಚಲೋ ಆತಲ್ರಿ ಕಾಕಾ, ವ್ಯವಹಾರ ಮಾತಾಡೂಣೇನ್ರಿ?" ಎಂದ ವ್ಯಾಪಾರಿ.

"ಗಾಡಿ ಕೊಡೂದಿಲ್ರಿ," ಎಂದರು ಇವರು. "ಚಾ ಕುಡೀರಿ. ಬಸ್ಸಿಗೆ ಯಾಕ ಹೋಗ್ತೀರಿ, ಗುಡಗೇರಿಗೆ ನಾನ ಬಿಟ್ಟ ಬರ್ತೇನಿ."