ಸಂಜೀವಣ್ಣ ನಂಬದ ಸಂಖ್ಯೆ

ಚಹಾದ ಲೋಟ ಕೊಟ್ಟರೆ ಸಂಜೀವಣ್ಣ ಅದನ್ನು ಮೂಗಿನ ಹತ್ತಿರ ತರುತ್ತಿರಲಿಲ್ಲ. ತುಸು ದೂರ ಹಿಡಿದು, ಇನ್ನೊಂದು ಅಂಗೈಯಿಂದ ಅದರ ಹಬೆಯನ್ನು ಮೆಲ್ಲಗೆ ತಮ್ಮ ಕಡೆಗೆ ಬೀಸಿಕೊಳ್ಳುತ್ತಿದ್ದರು. ಒಪ್ಪಿಗೆಯಾದ ಮೇಲೆಯೇ ಕುಡಿಯುವುದು. ಹಾಲಿಗೂ ಹಾಗೆ, ಸಾರಿಗೂ ಹಾಗೆ, ಸತ್ಯನಾರಾಯಣ ಪೂಜೆಯ ಪ್ರಸಾದಕ್ಕೂ ಹಾಗೆ. ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವರು ಸರ್ವಿಸ್ ಪೂರ್ತಿ ಕಳೆದಿದ್ದರು. ಯಾವುದೇ ಪಾತ್ರೆಗೆ ನೇರವಾಗಿ ಮೂಗು ಒಡ್ಡಬಾರದು ಎನ್ನುವುದು ಅಲ್ಲಿ ಕಲಿತ ಮೊದಲ ಪಾಠವಂತೆ.

"ನಾನು ಮಾಡಿದ ಸಾರನ್ನೂ ಆಸಿಡ್ ಅಂತ ತಿಳ್ಕೊಂಡಿದ್ದಾರೆ ಇವರು," ಎಂದು ಅವರ ಹೆಂಡತಿ ಜಲಜಕ್ಕ ನನ್ನ ಹತ್ತಿರ ದೂರುತ್ತಿದ್ದರು.

"ಸಾರು ಅಂತ ಹೇಳುವುದು ನೀನು. ನಾನು ನೋಡ್ಬೇಕಲ್ಲ?"

ಅವರ ಮನೆ ನೆಲಮಹಡಿಯಲ್ಲಿ, ನಮ್ಮದು ಎರಡನೆಯ ಮಹಡಿಯಲ್ಲಿ. ನಾನು ಅಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ಅವರಿಗೆ ನಾನು 'ಟೀಚರೇ' ಆಗಿದ್ದೆ. ಸಂಜೀವಣ್ಣ ಮೂಲ್ಕಿ ಕಡೆಯವರು; ಮನೆಯೊಳಗೆ ತುಳು, ನನ್ನ ಹತ್ತಿರ ಕನ್ನಡ, ಗೇಟಿನ ಹತ್ತಿರ ಮರಾಠಿ, ಯಾರಾದರೂ ಪಾರ್ಕಿಂಗಿಗೆ ಜಗಳ ತೆಗೆದರೆ ಹಿಂದಿ.

೨೦೦೫ರ ಜುಲೈ ಮಳೆಗೆ ಪಕ್ಕದ ನಾಲಾ, ಅಂದರೆ ದೊಡ್ಡ ಚರಂಡಿ, ಉಕ್ಕಿ ನಮ್ಮ ಸೊಸೈಟಿಯಲ್ಲಿ ಮೊದಲು ನೀರು ನುಗ್ಗಿದ್ದು ಅವರ ಮನೆಗೆ. ಮಂಚದ ಹಲಗೆ ಮುಟ್ಟುವಷ್ಟು ನಿಂತು, ಇಳಿದ ಮೇಲೆ ಗೋಡೆಯ ಮೇಲೆ ಕಂದು ಗೆರೆ ಉಳಿಸಿ ಹೋಗಿತ್ತು. ಅವರು ಹಾಸಿಗೆಗಳನ್ನು ಕಾಂಪೌಂಡಿನ ಗೋಡೆಗೆ ಒಣಹಾಕುತ್ತಿದ್ದಾಗ, ಮೂರನೆಯ ಮಹಡಿಯ ಕುಲಕರ್ಣಿಯವರು ಮರಾಠಿ ಪತ್ರಿಕೆ ಹಿಡಿದು ಬಂದರು. ಭೂಮಿ ಬಿಸಿಯಾಗುತ್ತಿದೆ, ಇಂಥ ಮಳೆ ಇನ್ನು ಮೇಲೆ ಹೆಚ್ಚಾಗುತ್ತದೆ, ಜಗತ್ತಿನ ವಿಜ್ಞಾನಿಗಳೆಲ್ಲ ಹೀಗೆ ಹೇಳುತ್ತಿದ್ದಾರೆ ಎಂದು ಓದಿ ಹೇಳಿದರು.

ಸಂಜೀವಣ್ಣ ಹಾಸಿಗೆಯನ್ನು ಮಗುಚಿದರು. "ನಾಲಾದಲ್ಲಿ ಪ್ಲಾಸ್ಟಿಕ್ ತುಂಬಿಸಿದ್ದು ನಾವು, ಕುಲಕರ್ಣಿ ಸಾಹೇಬ್ರೆ. ಅದರ ಮೇಲೆ ಅಂಗಡಿ ಕಟ್ಟಿದ್ದು ಕಾರ್ಪೊರೇಟರ್‌ನ ಭಾವ. ಭೂಮಿಗೆ ಜ್ವರ ಅಂತ ಹೇಳಿಬಿಟ್ರೆ ಎಲ್ರಿಗೂ ಸುಖ. ಯಾರನ್ನೂ ಕೇಳುವ ಹಾಗಿಲ್ಲ."

"ವಿಜ್ಞಾನಿಗಳೆಲ್ಲ ಸೇರಿ ಸುಳ್ಳು ಹೇಳ್ತಾರಾ ಹಾಗಾದ್ರೆ?"

"ಎಲ್ಲ ಸೇರಿದ್ದಾರೆ ಅಂತಲೇ ನಂಗೆ ಡೌಟು."

ಮನೆಗೆ ನೀರು ನುಗ್ಗಿಸಿಕೊಂಡ ಮನುಷ್ಯನೇ ಹೀಗೆ ಹೇಳಿದ್ದು ನನಗೆ ವಿಚಿತ್ರವಾಗಿ ಕಂಡಿತು. ಅವರು ದಡ್ಡರಲ್ಲ. ಜ್ಯೋತಿಷಿಗಳನ್ನು ಬಾಗಿಲಲ್ಲೇ ಸಾಗಹಾಕುತ್ತಿದ್ದರು. ಮಗಳು ಸುಪ್ರಿಯಾಗೆ ಕೆಮಿಸ್ಟ್ರಿ ಕಲಿಸುವಾಗ ಅವರ ತಾಳ್ಮೆ ನೋಡಿ ನನಗೇ ನಾಚಿಕೆಯಾಗುತ್ತಿತ್ತು. ಇಂಥವರಿಗೆ ವಿಜ್ಞಾನಿಗಳ ಮೇಲೆ ಯಾಕೆ ಇಷ್ಟು ಅಪನಂಬಿಕೆ? ನಾನು ಆ ಪ್ರಶ್ನೆಯನ್ನು ಬಹಳ ದಿನ ಇಟ್ಟುಕೊಂಡಿದ್ದೆ. ಅವರು ನಿವೃತ್ತರಾದ ವರ್ಷ, ಒಂದು ಭಾನುವಾರ, ಕಾಂಪೌಂಡಿನ ಬೆಂಚಿನ ಮೇಲೆ ಕೂತಿದ್ದಾಗ ಕೇಳಿದೆ.

ಅವರು ಹೇಳಿದರು: "ನಮ್ಮಲ್ಲಿ ಪೊಲ್ಯೂಷನ್ ಇನ್‌ಸ್ಪೆಕ್ಷನ್ ಅಂದ್ರೆ ಮುಂಚಿನ ದಿವಸವೇ ಫೋನ್ ಬರ್ತಿತ್ತು. ಕೂಡಲೇ ಪ್ಲಾಂಟ್ ನಿಲ್ಲಿಸುವುದು. ಕೊಳಕು ನೀರಿನ ಟ್ಯಾಂಕಿಗೆ ಬೋರ್‌ವೆಲ್ ನೀರು ಬಿಡುವುದು. ಸಾಹೇಬ್ರು ಬಂದಾಗ ಬಾಟ್ಲಿ ಅದ್ದಿ ಕೊಡುವವ ನಾನು. ಅವರು ನೋಡಿದ್ದು ಸರಿ. ಮಿಷನ್ ತೋರಿಸಿದ್ದು ಸರಿ. ಬರೆದದ್ದೂ ಸರಿ. ಸುಳ್ಳು ಯಾರೂ ಬರೀಲಿಲ್ಲ ಟೀಚರೇ. ದೊಡ್ಡ ದೊಡ್ಡವರೆಲ್ಲ ಒಪ್ಪಿ ಸೈನ್ ಹಾಕಿದ ರಿಪೋರ್ಟು. ಮಾರನೇ ದಿವಸ ನಾಲಾ ಮತ್ತೆ ಕೆಂಪಗೆ ಹರೀತಿತ್ತು."

ಬೆಂಚಿನಿಂದ ಏಳುತ್ತ, "ಎಲ್ರೂ ಒಪ್ಪಿದ್ದಾರೆ ಅಂತ ಕೇಳಿದ ಕೂಡಲೇ ನಂಗೆ ಆ ಬಾಟ್ಲಿ ಕಾಣ್ತದೆ," ಎಂದರು.

ಮರುದಿನ ತರಗತಿಯಲ್ಲಿ 'ವಿಜ್ಞಾನಿಗಳ ಪ್ರಕಾರ' ಎಂದು ಬೋರ್ಡಿನ ಮೇಲೆ ಬರೆಯುವಾಗ ನನಗೂ ಆ ಬಾಟ್ಲಿ ಕಂಡಿತು. ಪಾಠ ತಪ್ಪೆಂದು ನನಗೆ ಅನ್ನಿಸಲಿಲ್ಲ. ಸಾಲನ್ನು ಬರೆದು ಮುಗಿಸಿದೆ.

ಸುಪ್ರಿಯಾ ಪರಿಸರ ವಿಜ್ಞಾನ ಓದಿ, ಬೇಲಾಪುರದ ಒಂದು ಖಾಸಗಿ ಸಲಹಾ ಕಚೇರಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದಳು. ತುಳು, ಕನ್ನಡ ಎರಡೂ ಅವಳಿಗೆ ಅರ್ಥವಾಗುತ್ತಿದ್ದವು. ಉತ್ತರ ಮಾತ್ರ ಮರಾಠಿಯಲ್ಲಿ. ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿ ಅಳತೆಯ ಕಂಬ ನೆಟ್ಟು ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಗುರುತಿಸುವುದು ಅವಳ ಕೆಲಸ. ಸಂಜೆ ಬರುವಾಗ ಬೂಟಿನ ತುಂಬ ಉಪ್ಪುನೀರಿನ ಕಾಂಡ್ಲಾ ಗಿಡಗಳ ಬುಡದ ಕಪ್ಪು ಕೆಸರು. ಅಲ್ಲಿ ಒಂದು ಹೊಸ ಕಾಲೊನಿ ಏಳುವುದಿತ್ತು. ನೆಲವನ್ನು ಎಷ್ಟು ಎತ್ತರಿಸಬೇಕು ಎಂದು ಅವಳು ವರದಿ ಬರೆದಳು. ಸಮುದ್ರ ಏರುತ್ತಿದೆ, ಆದ್ದರಿಂದ ಇಂದಿನ ಉಬ್ಬರಕ್ಕೆ ಇಷ್ಟು ಸೇರಿಸಿಕೊಳ್ಳಬೇಕು ಎಂಬ ಸಾಲು ಅದರಲ್ಲಿತ್ತು.

ಅವಳು ಅದನ್ನು ಆಸೆಯಿಂದ ಅಪ್ಪನಿಗೆ ತೋರಿಸಿದಳು. ಮುಂದಿನದನ್ನು ನನಗೆ ಹೇಳಿದ್ದು ಜಲಜಕ್ಕ. ಸಂಜೀವಣ್ಣ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಯಾರು ಬರೆಸಿದ್ದು?" ಎಂದು ಕೇಳಿದರಂತೆ.

"ಯಾರೂ ಬರೆಸಲಿಲ್ಲ ಪಪ್ಪಾ. ಈಗಿನ ನೀರು ಅಳೆದದ್ದು ನಾನು. ಹಿಂದಿನದನ್ನು ಅಳೆದವರು ಬೇರೆ, ಮುಂದಿನ ಲೆಕ್ಕ ಹಾಕಿದವರು ಬೇರೆ. ಇದನ್ನು ಎಲ್ಲರೂ ಒಪ್ಪುತ್ತಾರೆ."

"ಎಲ್ರೂ ಒಪ್ಪಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ."

"ಹಾಗಾದರೆ ನಾನು ಬರೆದದ್ದೂ ಸುಳ್ಳಾ?"

ಅವರು ಕನ್ನಡಕ ತೆಗೆದು ಒರೆಸಿದರು, ಅಷ್ಟೆ. ಆವತ್ತಿನಿಂದ ಸುಪ್ರಿಯಾ ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. "ಒಂದು ಬಿಎಚ್‌ಕೆಯಲ್ಲಿ ಎರಡು ಸಂಸಾರ ಆಗಿದೆ ಟೀಚರೇ. ನಾನು ಎರಡು ಸಲ ಬಡಿಸ್ಬೇಕು," ಎಂದು ಜಲಜಕ್ಕ ನಗುತ್ತ ಹೇಳಿದರು. ಕಣ್ಣು ನಗುತ್ತಿರಲಿಲ್ಲ.

ಕೆಲವು ವಾರಗಳ ಬಳಿಕ ಒಂದು ಶನಿವಾರ ಸಂಜೆ, ಪತ್ರೊಡೆ ಕಳಿಸಿದ್ದ ಪಾತ್ರೆ ವಾಪಸು ಕೊಡಲು ನಾನು ಅವರ ಮನೆಗೆ ಹೋಗಿದ್ದೆ. ಸುಪ್ರಿಯಾ ಕೆಲಸದಿಂದ ಬಂದವಳು ಬೂಟು ಬಿಚ್ಚದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಏನಾಯಿತೆಂದು ಅಮ್ಮ ಕೇಳಿದ್ದಕ್ಕೆ, ಯಾರ ಮುಖವನ್ನೂ ನೋಡದೆ ಮರಾಠಿಯಲ್ಲೇ ಹೇಳಿದಳು. ವರದಿಯ ಆ ಸಾಲನ್ನು ತೆಗೆಯಬೇಕೆಂದು ಕಚೇರಿಯವರು ಹೇಳಿದರಂತೆ. ನೆಲ ಅಷ್ಟು ಎತ್ತರಿಸಿದರೆ ಕಟ್ಟುವವರಿಗೆ ಪೂರೈಸುವುದಿಲ್ಲವಂತೆ. ಇಂದಿನ ಉಬ್ಬರದ ಸರಾಸರಿ ಮಾತ್ರ ಹಾಕಿ ಸೈನ್ ಮಾಡು, ಇಲ್ಲವಾದರೆ ಮುಂದಿನ ಕಾಂಟ್ರಾಕ್ಟ್ ನೋಡೋಣ ಎಂದರಂತೆ.

"ಸೋಮವಾರ ಸೈನ್ ಹಾಕಿಬಿಡ್ತೇನೆ," ಎಂದಳು. "ಮನೆಯಲ್ಲೇ ಯಾರೂ ನಂಬದ ಸಂಖ್ಯೆಗೆ ನಾನು ಯಾಕೆ ಕೆಲಸ ಕಳ್ಕೊಳ್ಳಲಿ?"

ಸಂಜೀವಣ್ಣ ಟಿವಿಯ ಸದ್ದು ನಿಲ್ಲಿಸಿದರು. "ಕಡಿಮೆ ಮಾಡ್ಲಿಕ್ಕೆ ಹೇಳಿದ್ರಾ?"

"ಹೋ," ಎಂದು ಮರಾಠಿಯಲ್ಲಿ ಹೌದೆಂದಳು.

"ಹೆಚ್ಚು ಮಾಡ್ಲಿಕ್ಕೆ ಅಲ್ಲ?"

"ಹೆಚ್ಚು ಮಾಡು ಅಂತ ಯಾರು ಹೇಳ್ತಾರೆ ಪಪ್ಪಾ?"

ಆಗಿನ ಅವರ ಮುಖವನ್ನು ನಾನು ಮರೆತಿಲ್ಲ. ತಾವೇ ಅನೇಕ ಸಲ ಮಾಡಿದ ಪರೀಕ್ಷೆಯ ಫಲಿತಾಂಶವನ್ನು ಮೊದಲ ಬಾರಿಗೆ ಓದುವವರ ಹಾಗೆ ಇದ್ದರು. ಮಾತಾಡಿದ್ದು ನನ್ನ ಕಡೆಗೆ ತಿರುಗಿ.

"ನನ್ನ ಸರ್ವಿಸಲ್ಲಿ ನಂಬರ್ ಹೆಚ್ಚು ಮಾಡು ಅಂತ ಒಬ್ಬನೂ ಬರ್ಲಿಲ್ಲ ಟೀಚರೇ. ಬಂದವರೆಲ್ಲ ಕೆಳಗೆ ತಳ್ಳುವವರೇ. ಇಷ್ಟು ಜನ ಕೆಳಗೆ ತಳ್ಳಿದ ಮೇಲೂ ಒಂದು ನಂಬರ್ ಮೇಲೆಯೇ ಉಳಿದಿದೆ ಅಂದ್ರೆ..."

ರಿಮೋಟನ್ನು ಕೆಳಗಿಟ್ಟರು.

"ಅಂದ್ರೆ ಎಂತ? ಹೇಳಿ ಮುಗಿಸಿ," ಎಂದರು ಜಲಜಕ್ಕ.

"ಅಂದ್ರೆ ಬಡಿಸು. ಮೂರು ಜನರಿಗೂ ಒಟ್ಟಿಗೆ." ಆಮೇಲೆ ಮಗಳಿಗೆ, "ಸೈನ್ ನಿನ್ನದು. ಹಾಕಿದ್ರೂ ನಾನು ಬೈಯುವುದಿಲ್ಲ, ನಾನೂ ಬಾಟ್ಲಿ ಅದ್ದಿ ಕೊಟ್ಟವನೇ. ಆದ್ರೆ ಮನೆಯಲ್ಲಿ ನಂಬುವವರಿಲ್ಲ ಅಂತ ಮಾತ್ರ ಹಾಕಬೇಡ."

ಸುಪ್ರಿಯಾ ಸೈನ್ ಹಾಕಲಿಲ್ಲ. ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಆ ಕಾಲೊನಿಯ ನೆಲ ಕೊನೆಗೆ ಎಷ್ಟು ಎತ್ತರಕ್ಕೆ ನಿಂತಿತು ಎಂದು ನನಗೆ ಗೊತ್ತಿಲ್ಲ. ಅವಳು ಒಂದಷ್ಟು ತಿಂಗಳು ಮನೆಯಲ್ಲಿ ಟ್ಯೂಷನ್ ಹೇಳಿ, ಆಮೇಲೆ ಠಾಣೆಯಲ್ಲಿ ಬೇರೆ ಕೆಲಸ ಹಿಡಿದಳು. ಗೇಟಿನ ಹತ್ತಿರ ಕುಲಕರ್ಣಿಯವರು "ಕಾಯ್ ಸಂಜೀವರಾವ್, ಈಗಲಾದರೂ ಒಪ್ಪಿದಿರಾ?" ಎಂದು ಕೆಣಕಿದರೆ, ಸಂಜೀವಣ್ಣ "ಮೊದಲು ನಾಲಾ ತೆಗೆಸಿ, ಆಮೇಲೆ ಮಾತಾಡುವ" ಎಂದೇ ಹೇಳುತ್ತಿದ್ದರು. ಒಪ್ಪಿದೆ ಎಂಬ ಮಾತನ್ನು ನಾನಂತೂ ಅವರ ಬಾಯಿಂದ ಕೇಳಲಿಲ್ಲ.

ಸಂಜೀವಣ್ಣನನ್ನು ನಾನು ಕೊನೆಯ ಸಲ ನೋಡಿದ್ದು ಠಾಣೆಯ ವರ್ತಕ ನಗರದ ಹತ್ತಿರದ ಒಂದು ಆಸ್ಪತ್ರೆಯಲ್ಲಿ. ಶ್ವಾಸಕೋಶ ಸೋತಿತ್ತು. ಮಾತಾಡಬಾರದೆಂದು ಹೇಳಿ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ್ದರು. ಸುಪ್ರಿಯಾ ಔಷಧಿ ತರಲು ಕೆಳಗೆ ಹೋಗಿದ್ದಳು. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಗೋಡೆಯ ಟಿವಿಯಲ್ಲಿ ಸಮುದ್ರ ಏರುವ ಬಗ್ಗೆ ಯಾರೋ ಚರ್ಚೆ ನಡೆಸುತ್ತಿದ್ದರು. ಪಕ್ಕದ ಮಂಚದ ಹಿರಿಯರು ಅದನ್ನು ನೋಡಿ, ಇದೆಲ್ಲ ಬಕ್ವಾಸ್, ದುಡ್ಡು ತಿನ್ನುವ ಧಂದೆ ಎಂದು ಹಿಂದಿಯಲ್ಲಿ ಹೇಳಿ, ಒಪ್ಪಿಗೆ ಬೇಡುವಂತೆ ಸಂಜೀವಣ್ಣನ ಕಡೆಗೆ ತಿರುಗಿದರು.

ಸಂಜೀವಣ್ಣ ಕೈ ಎತ್ತಿ ಮಾಸ್ಕನ್ನು ಸ್ವಲ್ಪ ಸರಿಸಿದರು.

"ಮೇರೀ ಬೇಟೀ ನೇ ನಾಪಾ ಹೈ," ಎಂದರು. ನನ್ನ ಮಗಳು ಅಳೆದಿದ್ದಾಳೆ.

ನರ್ಸ್ ಬಂದು ಮಾಸ್ಕನ್ನು ಮತ್ತೆ ಕೂರಿಸಿದಳು. ಆ ಹಿರಿಯರು ಇನ್ನೇನೋ ಕೇಳಲು ಹೊರಟರು, ಸಂಜೀವಣ್ಣ ಆಗಲೇ ಕಣ್ಣು ಮುಚ್ಚಿದ್ದರು. ಸುಪ್ರಿಯಾ ಔಷಧಿಯ ಪೊಟ್ಟಣ ಹಿಡಿದು ಮೇಲೆ ಬಂದಾಗ ಅವರಿಗೆ ನಿದ್ದೆ ಹತ್ತಿತ್ತು. ಅವರು ಹೇಳಿದ್ದನ್ನು, ಹೇಳಿದ ಹಾಗೆಯೇ, ನಾನು ಅವಳಿಗೆ ಹೇಳಿದೆ. ಅವಳು ಪೊಟ್ಟಣವನ್ನು ಮಂಚದ ತುದಿಯಲ್ಲಿಟ್ಟಳು. ಆಮೇಲೆ, ಅಷ್ಟು ವರ್ಷಗಳಲ್ಲಿ ನನ್ನ ಹತ್ತಿರ ಮೊದಲ ಬಾರಿಗೆ ಕನ್ನಡದಲ್ಲಿ, "ಇನ್ನೊಮ್ಮೆ ಹೇಳಿ ಆಂಟಿ," ಎಂದಳು.