ಎಡೆಯ ಮೇಲೆ ಬಿಚ್ಚಿಟ್ಟ ಬ್ರೇಕು

ಭಗವಂತ ಮನುಷ್ಯರಿಗೆ ಹತ್ತು ಬೆರಳು ಕೊಟ್ಟದ್ದು ಜಪ ಎಣಿಸುವುದಕ್ಕೆ ಮಾತ್ರವಲ್ಲವೆಂದು ನಂಬಿ ಬಾಳಿದವರು ಜಯಲಕ್ಷ್ಮಮ್ಮ. ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅವರ ತೆಂಗಿನ ತೋಟ, ತೋಟದೊಳಗೇ ಮನೆ. ಮದುವೆಯಾಗಿ ಬಂದ ಎರಡನೆಯ ವರ್ಷ ಪಂಪ್‌ಸೆಟ್ಟು ಕೆಟ್ಟಿತು. ಕಡೂರಿನ ಮೆಕ್ಯಾನಿಕ್ಕು “ನಾಳೆ ಬತ್ತೀನಿ” ಎನ್ನುತ್ತಲೇ ವಾರ ಕಳೆದ. ಎಂಟನೆಯ ದಿನ ಹೊಸ ಸೊಸೆ ಸೆರಗು ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ಬಾವಿಕಟ್ಟೆಯ ಮೇಲೆ ಕುಳಿತಳು. ಸಂಜೆಗೆ ನೀರು ಬಂತು. ಅಂದಿನಿಂದ ಆ ಮನೆಯ ಯಂತ್ರಗಳ ಮೇಲೆ ಹೊರಗಿನವರ ಕೈ ಬಿದ್ದದ್ದಿಲ್ಲ.

ಕಾಫಿ ಎಸ್ಟೇಟಿನವರೊಬ್ಬರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಕೆಂಪು ಸ್ಪೋರ್ಟ್ಸ್ ಕಾರನ್ನು ಅವರು ಮನೆಗೆ ತಂದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ. ಇರುವುದು ಎರಡೇ ಸೀಟು. ನೆಲಕ್ಕೆ ಅಂಟಿದಂಥ ಮೈ. ಊರು ಸುಮ್ಮನಿರುತ್ತದೆಯೇ? ಹಾಲಿನ ಡೈರಿಯ ತಿಮ್ಮೇಶ್ ಕೇಳಿಯೇಬಿಟ್ಟ. “ಈ ವಯಸ್ಸಿಗೆ ಕಾಶಿ ಗೀಶಿ ಅನ್ನೋದ್ ಬಿಟ್ಟು ಇದೇನ್ರಮ್ಮಾ?”

“ಕಾಶಿಗೂ ಇದ್ರಲ್ಲೇ ಹೋಗ್ತೀನಿ ಕಣಪ್ಪಾ. ಒಂದ್ ಸೀಟು ಖಾಲಿ ಐತೆ, ಬತ್ತೀಯಾ?”

ಬಿಚ್ಚುವ ಕೆಲಸಕ್ಕೆ ಅವರದೇ ಒಂದು ಕ್ರಮವಿತ್ತು. ಹಳೆಯ ಬಿಳಿ ಪಂಚೆಯನ್ನು ಅಂಗಳದಲ್ಲಿ ಬಾಳೆಲೆಯ ಹಾಗೆ ಹಾಸುವರು. ಮೊದಲು ಕಳಚಿದ ಬೋಲ್ಟಿಗೆ ಎಡತುದಿಯಲ್ಲಿ ಉಪ್ಪಿನ ಜಾಗ. ಆಮೇಲಿನವಕ್ಕೆ ಉಪ್ಪಿನಕಾಯಿಯದು, ಕೋಸಂಬರಿಯದು, ಪಲ್ಯದ್ದು. ದೊಡ್ಡ ಭಾಗ ನಡುವೆ, ಅನ್ನ ಬಡಿಸುವಲ್ಲಿ. ಜೋಡಿಸುವಾಗ ಅನ್ನದಿಂದ ಹೊರಟು ಉಪ್ಪಿಗೆ ಹಿಂದಿರುಗಬೇಕು. ಎಡೆ ಖಾಲಿಯಾಯಿತೆಂದರೆ ಕೆಲಸ ಮುಗಿಯಿತು. ಒಂದು ವಾಷರ್ ಉಳಿದರೂ ಮತ್ತೆ ಬಿಚ್ಚಬೇಕು. ಕೊನೆಯ ಬೋಲ್ಟು ಬಿಗಿಯಾಗಿ, ಇನ್ನು ಸಾಕೆಂದು ಸ್ಪ್ಯಾನರಿನ ಮೂಲಕ ಅಂಗೈಗೆ ತಿಳಿಸುವ ಆ ಗಳಿಗೆಯಲ್ಲಿ ಅವರ ಮುಖವನ್ನು ನೋಡಬೇಕು: ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡವರ ಮುಖ ಅದು.

ಈ ವರ್ಷ ಆಯುಧಪೂಜೆ ಕಳೆದ ಮಾರನೆಯ ದಿನವೇ ಕಾರು ಮುನಿಯಿತು. ಗೇಟಿನ ಬಳಿ ಬ್ರೇಕು ಒತ್ತಿದರೆ ಸರ್ರನೆ ಬಲಕ್ಕೆ ಎಳೆದು, ತೆಂಗಿನಕಾಯಿಯ ರಾಶಿಗೆ ಮೂಗು ತೂರಿಸಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬೀರೂರಿನಲ್ಲಿ ಗೊಬ್ಬರದಂಗಡಿ ಇಟ್ಟಿರುವ ಮಗ ಸತೀಶ್ ಅದನ್ನು ಕಣ್ಣಾರೆ ಕಂಡಿದ್ದ. ಅಂದೇ ಗಾಡಿ ಕೊಳ್ಳುವವರನ್ನು ಹುಡುಕತೊಡಗಿದ.

“ಸೋಮವಾರ ತರೀಕೆರೆಯಿಂದ ಮೃತ್ಯುಂಜಯ ಅನ್ನೋರು ಬತ್ತಾರೆ,” ಎಂದ ಶನಿವಾರ. “ಗಾಡಿ ಅವ್ರಿಗೆ ಕೊಟ್ಬಿಡಾಣ. ಬ್ರೇಕು ಪೂರ್ತಿ ಹೋಗೈತೆ, ಸಾಮಾನೂ ಸಿಗಲ್ಲ ಅಂತ ಗ್ಯಾರೇಜಿನೋನೇ ಹೇಳ್ದ ಕಣಮ್ಮಾ.”

“ಅವ್ನು ಗಾಡಿ ನೋಡಿದ್ನಾ?”

“ಫೋನಲ್ಲಿ ಹೇಳ್ದೆ.”

“ಫೋನಲ್ಲಿ ನಾಡಿ ಹಿಡಿಯೋ ಪಂಡಿತ. ಕೇಳು ಸತೀಶ, ಸೋಮವಾರ ಗಾಡಿ ನೆಟ್ಟಗೆ ನಿಲ್ಲಲಿಲ್ಲ ಅಂದ್ರೆ ಕೀಲಿ ನಾನೇ ತೆಗ್ದು ಕೊಡ್ತೀನಿ. ನಿಂತ್ರೆ, ಈ ಮಾತು ಈ ಮನೇಲಿ ಇನ್ನೊಂದ್ಸಲ ಏಳಬಾರ್ದು.”

ಸತೀಶ್ ತಲೆಯಾಡಿಸಿದ. ಅಮ್ಮನ ಮಾತಿನಲ್ಲಿ ಧೈರ್ಯವಿದ್ದರೂ ಎದೆಯೊಳಗೆ ಅಳುಕಿತ್ತು. ಕಾರು ಹೋದರೆ ಹೋಗಲಿ, ಕಾರಿನೊಡನೆ ನಲವತ್ತು ವರ್ಷದ ಹಟವೂ ಸೋತುಹೋಗುತ್ತದಲ್ಲ ಎಂಬುದೇ ಅವರ ಸಂಕಟ.

ಭಾನುವಾರ ಸ್ನಾನ ಮಾಡಿ, ವಿಭೂತಿ ಧರಿಸಿ, ಕಾರಿನ ಮುಂದೆ ಮಣೆ ಹಾಕಿ ಕುಳಿತರು. ಗ್ಯಾರೇಜಿನವನ ಮಾತನ್ನು ಬದಿಗಿಟ್ಟು ಮಾವನ ಕಾಲದ ಎತ್ತಿನ ಬಂಡಿಯನ್ನು ನೆನೆದರು. ಒಂದು ಎತ್ತು ನಿಂತು ಇನ್ನೊಂದು ನಡೆದರೆ, ಬಂಡಿ ತಿರುಗುವುದು ನಿಂತ ಎತ್ತಿನ ಕಡೆಗೆ. ಕಾರು ಬಲಕ್ಕೆ ತಿರುಗಿತೆಂದರೆ ಬಲಚಕ್ರ ನಿಂತಿದೆ; ನಿಲ್ಲದೆ ಓಡಿದ್ದು ಎಡದ್ದು. ಹಾಗಾದರೆ ರೋಗ ಇರುವುದು ಎಡಕ್ಕೆ.

ಎಡ ಮುಂಚಕ್ರ ಕಳಚಿದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಡೆಗೆ ಬಂದವು. ಚಕ್ರದ ಹಿಂದಿನ ಉಕ್ಕಿನ ತಟ್ಟೆಯನ್ನು ಹಿಡಿದು ನಿಲ್ಲಿಸುವ ಪ್ಯಾಡನ್ನು ಹೊರಗೆಳೆದರೆ, ಮೈಯೆಲ್ಲ ಕೆಂಪಗೆ ನೆನೆದಿತ್ತು. ತುಕ್ಕೆಂದುಕೊಂಡು ಮೂಸಿದರು. ಹರಳೆಣ್ಣೆಯ ವಾಸನೆ. ತಟ್ಟೆಯ ಅಂಚಿನಲ್ಲಿ, ತಿರುಗಿ ತಿರುಗಿ ಮಾಸಿದರೂ ಅಳಿಯದೆ ಉಳಿದಿದ್ದ ಮೂರು ಬೆರಳಿನ ಗುರುತು.

ತಮ್ಮದೇ ಬೆರಳು. ಆಯುಧಪೂಜೆಯ ಬೆಳಿಗ್ಗೆ, ಕುಂಕುಮ ಉದುರದಿರಲೆಂದು ಹರಳೆಣ್ಣೆಯಲ್ಲಿ ಕಲಸಿ, ಚಕ್ರದ ಸಂದಿನಿಂದ ಹೊಳೆಯುತ್ತಿದ್ದ ಆ ತಟ್ಟೆಗೂ ಭಕ್ತಿಯಿಂದ ಬಳಿದಿದ್ದರು. ಬಲಮಗ್ಗುಲು ಗೋಡೆಗೆ ಒತ್ತಿಕೊಂಡಿದ್ದರಿಂದ ಆ ಕಡೆಗೆ ಕೈ ಎಟುಕಿರಲಿಲ್ಲ.

ಸೆರಗು ಸಿಕ್ಕಿಸಿ ಎದ್ದರು. ಆಮೇಲೆ ಬಿಸಿನೀರು, ಸೋಪಿನ ಪುಡಿ, ಬಟ್ಟೆ ತಂದು ತಿಕ್ಕತೊಡಗಿದರು. ಜಗಲಿಯ ಮೇಲೆ ಅಡಕೆ ಕತ್ತರಿಸುತ್ತಿದ್ದ ಗಂಡ ಚನ್ನಬಸಪ್ಪ ಕತ್ತೆತ್ತಿದರು.

“ಪೂಜೆ ಮಾಡಿದ್ ಕುಂಕುಮ ಒರೆಸ್ತಾ ಇದೀಯೇನೇ?”

“ಅಭಿಷೇಕ ಆದ್ಮೇಲೆ ಅಯ್ನೋರು ಲಿಂಗ ಒರೆಸಲ್ವಾ? ಒರೆಸೋದೂ ಪೂಜೇನೇ ಕಣ್ರೀ. ಇದಕ್ಕೆ ಅದೊಂದೇ ಪೂಜೆ ಅಂತ ನಂಗೆ ಗೊತ್ತಿರ್ಲಿಲ್ಲ, ಅಷ್ಟೇ.”

“ಸತೀಶಂಗೆ ಹೇಳ್ತೀಯಾ?”

“ಹೇಳ್ದೆ ಏನು? ತಪ್ಪೂ ನಂದೇ, ರಿಪೇರೀನೂ ನಂದೇ.”

ಎಣ್ಣೆ ಕುಡಿದ ಪ್ಯಾಡು ಇನ್ನು ಕೆಲಸಕ್ಕೆ ಬಾರದು. ಮುಂದಿನ ಸರ್ವೀಸಿಗೆಂದು ತರಿಸಿ ಅಕ್ಕಿಯ ಡಬ್ಬದ ಹಿಂದಿಟ್ಟಿದ್ದ ಹೊಸ ಜೊತೆಗಳನ್ನು ಎರಡೂ ಮುಂಚಕ್ರಗಳಿಗೆ ಕೂಡಿಸಿದರು. ಅನ್ನದಿಂದ ಉಪ್ಪಿನವರೆಗೆ ಎಡೆ ಬರಿದಾಯಿತು. ತೋಟದ ದಾರಿಯಲ್ಲಿ ಹತ್ತಾರು ಸಲ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಹೊಸ ಪ್ಯಾಡಿಗೆ ತಟ್ಟೆಯ ಪರಿಚಯ ಮಾಡಿಸಿದರು.

ಸೋಮವಾರ ಮೃತ್ಯುಂಜಯ ಬಂದಾಗ ಗೇಟಿನಿಂದ ಜಗಲಿಯವರೆಗೂ ನೂಲು ಹಿಡಿದಂತೆ ಒಂದೇ ಒಂದು ರಂಗೋಲಿಯ ಗೆರೆ ಎಳೆದಿತ್ತು.

“ಕುಂಕುಮದೆಣ್ಣೆ ಬ್ರೇಕಿಗೆ ಬಳಿದಿದ್ದು ನಾನೇ. ಗಾಡೀದು ಏನೂ ತಪ್ಪಿಲ್ಲ,” ಎಂದು ಎಲ್ಲರೆದುರು ಹೇಳಿ, ಜಯಲಕ್ಷ್ಮಮ್ಮ ಮಗನತ್ತ ತಿರುಗಿದರು. “ಹತ್ತು. ಬಲಗಡೆ ಚಕ್ರ ಆ ಗೆರೆ ಬಿಟ್ರೆ ಕೀಲಿ ಅವ್ರದ್ದು.”

ಸತೀಶ್ ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಸ್ಟೀರಿಂಗ್ ಹಿಡಿದ ಅಮ್ಮನ ಪಕ್ಕದಲ್ಲಿ ಕುಳಿತ. ಕಾರು ರಸ್ತೆಯಿಂದ ತಿರುಗಿ ಗೇಟು ದಾಟಿ ಗೆರೆಯನ್ನೇರಿತು, ವೇಗ ಹಿಡಿಯಿತು. ಜಗಲಿಗೆ ನಾಲ್ಕು ಮಾರು ಇದೆ ಎನ್ನುವಾಗ ಅವರು ಬ್ರೇಕು ಒತ್ತಿ, ಸ್ಟೀರಿಂಗಿನಿಂದ ಎರಡೂ ಕೈ ಎತ್ತಿಬಿಟ್ಟರು. ಕಾರು ನೆಟ್ಟಗೆ, ತಲೆಬಾಗಿದ ಬಸವನಂತೆ ನಿಂತಿತು.

ಮೃತ್ಯುಂಜಯ ಬಗ್ಗಿ ನೋಡಿದರು. ಬಲಚಕ್ರ ಗೆರೆಯ ಮೇಲೇ ಇತ್ತು. ಟೈರಿಗೆ ಬಿಳಿಯ ಹಿಟ್ಟು ಮೆತ್ತಿತ್ತು. “ಇದನ್ನ ನೀವು ಕೊಡೋ ಹಂಗ್ ಕಾಣಲ್ಲ,” ಎಂದರು.

“ಕಾಫಿ ಕೊಡ್ತೀನಿ, ಬನ್ನಿ.”

ಸತೀಶ್ ಒಳಗೆ ಹೋಗಲಿಲ್ಲ. ಅಂಗಳದ ಮೂಲೆಯಲ್ಲಿ ಹಾಸಿಯೇ ಇದ್ದ ಪಂಚೆಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಉಪ್ಪಿನ ಮೂಲೆಯಿಂದ ಕಡೆಯವರೆಗೂ ಕೈಯಾಡಿಸಿ ನೋಡಿದ.

“ಎಡೆ ಖಾಲಿ ಐತಮ್ಮಾ,” ಎಂದ.

“ಕೊಡವಿ ಮಡಿಚಿಡು. ಮುಂದಿನ್ ವಾರ ಆಯಿಲ್ ಬದಲಾಯಿಸ್ಬೇಕು.”